ಅರಮನೆ ಬೀಗದ ಸೊಣ್ಣಮ್ಮ

ಯಲಹಂಕದ ಹಳೇ ಊರಿನಲ್ಲಿ ಸೊಣ್ಣಮ್ಮ ಎಂದರೆ ಯಾವ ಸೊಣ್ಣಮ್ಮ ಎಂದು ತಿರುಗಿ ಕೇಳುತ್ತಿದ್ದರು. ಬೀದಿಗಿಬ್ಬರು ಸೊಣ್ಣಮ್ಮಂದಿರಿದ್ದ ಕಾಲ ಅದು. ಅರಮನೆ ಬೀಗದ ಸೊಣ್ಣಮ್ಮ ಎಂದರೆ ಮಾತ್ರ ಯಾರನ್ನು ಕೇಳಿದರೂ ಮನೆ ತೋರಿಸುತ್ತಿದ್ದರು. ಹೆಸರು ಕೇಳಿದವರು ಯಾರೋ ಭಾಗ್ಯವಂತೆ ಇರಬೇಕು ಎಂದುಕೊಳ್ಳುತ್ತಿದ್ದರು. ಭಾಗ್ಯವಂತೆಯಂತೆ, ಭಾಗ್ಯವಂತೆ! ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಅವಳ ಮೈಯೆಲ್ಲ ಉರಿದುಹೋಗುತ್ತಿತ್ತು. ಹೆಸರಿಟ್ಟವರಿಗೆ ಅದು ಗೊತ್ತಿರಲಿಲ್ಲ, ಗೊತ್ತಿದ್ದರೂ ಅವರ ಗಂಟೇನು ಹೋಗುತ್ತಿತ್ತು?

ಅವಳು ಹುಟ್ಟಿದ್ದು ತುಮಕೂರು ರಸ್ತೆಯ ಮಾಕಳಿಯಲ್ಲಿ. ಅಪ್ಪ ಜ್ವರ ಬಂದು ತೀರಿಕೊಂಡಾಗ ಅವಳಿಗೆ ಎಂಟು ವರ್ಷ, ತಮ್ಮ ಪಿಳ್ಳಪ್ಪನಿಗೆ ಎರಡು. ತಾಯಿ ಮಾರಕ್ಕ ಹೊತ್ತು ಮೂಡುವ ಮುಂಚೆ ಕಳೆ ಕೀಳಲು ಹೊರಟುಬಿಟ್ಟರೆ ಮಗು ಇಡೀ ದಿನ ಅಕ್ಕನ ಸೊಂಟದ ಮೇಲೆ. ಅವನಿಗೆ ಮುದ್ದೆ ನುಂಗಲು ಕಲಿಸಿದವಳು ಇವಳು, ಸಿಡುಬು ಎದ್ದಾಗ ಬೇವಿನ ಸೊಪ್ಪು ಹಿಡಿದು ಪಕ್ಕದಲ್ಲಿ ಕೂತವಳೂ ಇವಳೇ. ಓರಗೆಯ ಹುಡುಗಿಯರು ತಮ್ಮ ಮದುವೆಯ ಮಾತಾಡುತ್ತಿದ್ದರೆ ಇವಳು ತಮ್ಮನ ಮದುವೆಯ ಮಾತಾಡುತ್ತಿದ್ದಳು. ಅವರ ಕಡೆ ಮದುವೆಗಂಡು ಹಸೆಮಣೆಗೆ ಹೊರಟಾಗ ಅವನ ಜೊತೆಗೆ ತುಂಬಿದ ಕಳಸ ಹಿಡಿದು ನಡೆಯುವವಳು ಅಕ್ಕ ಅಥವಾ ತಂಗಿ. ಅವಳಿಗೆ ಕಳಸಗಿತ್ತಿ ಎನ್ನುತ್ತಾರೆ. ಧಾರೆ ಮುಗಿಯುವ ತನಕ ಗಂಡಿನ ಪಕ್ಕ ಬಿಟ್ಟು ಕದಲುವಂತಿಲ್ಲ. ಹೆಣ್ಣಿನ ಕಡೆಯವರು ಅವಳಿಗೊಂದು ಸೀರೆ ಕೊಟ್ಟು ಮರ್ಯಾದೆ ಮಾಡುತ್ತಾರೆ. ಪಿಳ್ಳಪ್ಪನಿಗೆ ಇದ್ದವಳು ಒಬ್ಬಳೇ ಅಕ್ಕ. "ಇವ್ನ ಮದ್ವೇಲಿ ಕಳಸ ಇಡಿಯೋಳು ನಾನೇ" ಎಂದು ಅವಳು ಹತ್ತು ವರ್ಷದವಳಿದ್ದಾಗಲೇ ಊರಿಗೆಲ್ಲ ಸಾರಿದ್ದಳು. ಜೀವಮಾನದಲ್ಲಿ ತನಗಾಗಿ ಅಂತ ಅವಳು ಬೇಡಿದ್ದು ಇದೊಂದನ್ನೇ.

೧೯೫೩ರಲ್ಲಿ, ಹದಿನೆಂಟು ತುಂಬುವ ಹೊತ್ತಿಗೆ, ಅವಳನ್ನು ಯಲಹಂಕದ ಅಶ್ವತ್ಥಪ್ಪನಿಗೆ ಕೊಟ್ಟರು. ಹುಡುಗನಿಗೆ ರೈಲ್ವೆ ಸ್ಟೇಷನ್ನಿನ ಗೂಡ್ಸ್ ಷೆಡ್ಡಿನಲ್ಲಿ ಕೆಲಸ. ಮಾತು ಕಡಿಮೆ, ಕೈಯೆತ್ತುವವನಲ್ಲ, ಆದರೆ ಅಪ್ಪನ ಮುಂದೆ ನಿಂತರೆ ನಾಲಗೆ ಒಣಗಿಹೋಗುವ ಜಾತಿ. ಆ ಅಪ್ಪ, ಎಂದರೆ ಸೊಣ್ಣಮ್ಮನ ಮಾವ ಚಿಕ್ಕಮುನಿಯಪ್ಪ, ಐದು ಎಕರೆ ಹೊಲ, ಹತ್ತಂಕಣದ ಮನೆ, ಮತ್ತು ಒಂದು ಬೀಗದ ಯಜಮಾನ. ಹೊಲದ ಸುದ್ದಿ ಅವರು ಎತ್ತುತ್ತಿದ್ದುದು ಕಮ್ಮಿ. ಮನೆಯ ಸುದ್ದಿ ಇನ್ನೂ ಕಮ್ಮಿ. ಬೀಗದ ಸುದ್ದಿ ಬಂತೋ, ಮುಗಿಯಿತು, ಕೂತವರು ಏಳುವ ಹಾಗಿಲ್ಲ.

ಬೀಗ ನೋಡಲು ಚೆನ್ನಾಗಿತ್ತು, ಸುಳ್ಳೇಕೆ ಹೇಳಬೇಕು. ಗಟ್ಟಿ ಹಿತ್ತಾಳೆ, ಎರಡು ಅಂಗೈ ಜೋಡಿಸಿದಷ್ಟು ಅಗಲ, ಎತ್ತಿದರೆ ಮಣಿಕಟ್ಟು ಜಗ್ಗುವ ತೂಕ. ನಡುವೆ ಎರಡು ತಲೆಯ ಗಂಡಭೇರುಂಡ, ಎಡಬಲಕ್ಕೆ ಸೊಂಡಿಲಿರುವ ಸಿಂಹಗಳು, ಸುತ್ತ ಬಳ್ಳಿ ಹೂವು, ಮೇಲೊಂದು ಕಿರೀಟ. ಆ ಕಿರೀಟವನ್ನು ಹೆಬ್ಬೆರಳಿಂದ ಪಕ್ಕಕ್ಕೆ ಸರಿಸಿದರೆ ಅದರಡಿ ಕೀಲಿಕೈ ಹಾಕುವ ತೂತು. ಗೊತ್ತಿಲ್ಲದವರು ಇಡೀ ದಿನ ಹುಡುಕಿದರೂ ತೂತು ಕಾಣದು. ಮಾವನ ತಾತ ಅರಮನೆಯವರ ಕುದುರೆಗೆ ನೀರು ಕುಡಿಸಿದ್ದಕ್ಕೆ ಬಂದ ಇನಾಮು ಅದು ಎಂದು ಒಂದು ಸಲ ಹೇಳುವರು. ಇನ್ನೊಂದು ಸಲ ಆ ಕುದುರೆ ಆನೆಯಾಗಿರುತ್ತಿತ್ತು. ಎದುರುಮನೆಯ ಬೈರಣ್ಣ ಮಾತ್ರ, "ಚಿಕ್ಪೇಟೇಲಿ ತಕ್ಕಡೀಲಿ ತೂಗಿಸ್ಕೊಂಡ್ ತಂದಿದ್ದು ನಮ್ ತಾತಾನೇ ನೋಡಿದ್ನಂತೆ" ಎಂದು ಬೆನ್ನ ಹಿಂದೆ ನಗುತ್ತಿದ್ದ. ಎದುರಿಗೆ ಹೇಳುವ ಧೈರ್ಯ ಅವನಿಗೂ ಇರಲಿಲ್ಲ.

ಬೀಗ ಹಳೆಯದಾಗಿತ್ತು, ಒಳಗಿನ ಕೀಲುಗಳು ಸವೆದಿದ್ದವು. ಅಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಅದನ್ನು ಹಾಳು ಮಾಡುತ್ತಿದ್ದುದು ಭಕ್ತಿ. ಅತ್ತೆ ಗೋಪಾಲಮ್ಮನಿಗೆ ಅದು ಬೀಗವಲ್ಲ, ಮನೆ ಕಾಯುವ ದೇವರು. ಪ್ರತಿ ಶುಕ್ರವಾರ ಹುಣಸೆಹಣ್ಣು ಕಿವುಚಿ ತಿಕ್ಕಿ ಫಳಫಳ ಮಾಡುವುದು. ಹುಳಿನೀರು ಒಳಗಿಳಿದು ಕಬ್ಬಿಣವನ್ನು ತಿನ್ನುತ್ತದೆ ಎಂಬ ಯೋಚನೆ ಯಾರಿಗೂ ಇಲ್ಲ. ಆಮೇಲೆ ಅರಿಸಿನ, ಕುಂಕುಮ. ಹಬ್ಬ ಬಂದರೆ ನೈವೇದ್ಯ. ನೈವೇದ್ಯ ಎಂದರೆ ಮುಂದೆ ಇಟ್ಟು ಕೈಮುಗಿಯುವುದಲ್ಲ. ಗೋಪಾಲಮ್ಮ ಕಿರೀಟ ಸರಿಸಿ, ತುಪ್ಪದಲ್ಲಿ ಕಲಸಿದ ಬೆಲ್ಲವನ್ನು ಉಂಗುರದ ಬೆರಳಲ್ಲಿ ತೂತಿಗೇ ಮೆತ್ತುತ್ತಿದ್ದರು. ದೇವರಿಗೆ ಬಾಯಿ ಅಂತ ಇರುವುದು ಅದೊಂದೇ ತಾನೇ! ಮಾರನೆಯ ದಿನ ಇರುವೆಗಳ ಸಾಲು.

ಇಂಥ ಬೀಗ ಸುಮ್ಮನೆ ತಿರುಗಿಸಿದರೆ ತೆರೆದುಕೊಳ್ಳುತ್ತದೆಯೇ? ಕೀಲಿಕೈ ಅರ್ಧ ಸುತ್ತು ಬಲಕ್ಕೆ ಹೋಗಬೇಕು, ಒಳಗೆ ಏನೋ ತಾಕಿದ ಹಾಗಾದ ಕೂಡಲೇ ನಿಲ್ಲಿಸಬೇಕು, ಕೂದಲೆಳೆಯಷ್ಟು ಹೊರಕ್ಕೆ ಎಳೆಯಬೇಕು, ಎಡಗೈಯಲ್ಲಿ ಬೀಗವನ್ನು ತುಸು ಎತ್ತಿ ಹಿಡಿದು ಒಂದು ಪೂರಾ ಸುತ್ತು ಎಡಕ್ಕೆ. ಹಾಕಲಿಕ್ಕೂ ಇದೇ, ತೆಗೆಯಲಿಕ್ಕೂ ಇದೇ. ಗೋಪಾಲಮ್ಮನ ಬೆರಳ ಗೆಣ್ಣುಗಳಿಗೆ ವಾಯು ಬಡಿದ ಮೇಲೆ ಆ ಹದ ಯಾರ ಕೈಗೂ ಸಿಗಲಿಲ್ಲ. ಹೊಸ ಸೊಸೆ ಬಂದು ಮೂರನೆಯ ದಿನ, ಎಲ್ಲರೂ ಬಾಗಿಲ ಮುಂದೆ ಬೆವರುತ್ತ ನಿಂತಿದ್ದಾಗ, ಪಾಪದ ಹುಡುಗಿ ತಾನೂ ಒಂದು ಕೈ ನೋಡುತ್ತೇನೆ ಎಂದಳು. ನೋಡಿದಳು. ಬೀಗ ತೆರೆದುಕೊಂಡಿತು. ಅಲ್ಲಿಗೆ ಅವಳ ಗ್ರಹಚಾರ ಶುರುವಾಯಿತು.

ಮೊದಮೊದಲು ಖುಷಿಯೇ. ಮಾವ ಬೀದಿಯಲ್ಲಿ ಹೋಗುವವರನ್ನು ಕರೆದು, "ನಮ್ ಸೊಸೆ ಕೈಗುಣ ನೋಡ್ರಪ್ಪ" ಎಂದು ಬೀಗ ತೆಗೆಸಿ ತೋರಿಸುತ್ತಿದ್ದರು. ಬೆಳ್ಳಿಯ ಸರಕ್ಕೆ ಕೀಲಿಕೈ ಕಟ್ಟಿ ಅವಳ ಸೊಂಟಕ್ಕೆ ಸಿಕ್ಕಿಸಿದವರೂ ಅವರೇ. ಆರು ತಿಂಗಳಿಗೆ ಖುಷಿ ಇಳಿಯಿತು. ಮನೆಯವರು ಎಲ್ಲೇ ಹೊರಟರೂ ಅವಳು ಕಡೆಯಲ್ಲಿ ಹೊರಡಬೇಕು, ಎಲ್ಲರಿಗಿಂತ ಮುಂಚೆ ಬಂದು ನಿಂತಿರಬೇಕು. ಅವಳು ಒಬ್ಬಳೇ ಎಲ್ಲಿಗಾದರೂ ಹೋದರೆ ಉಳಿದವರು ಮನೆ ಬಿಟ್ಟು ಕದಲುವಂತಿಲ್ಲ, ಅದಕ್ಕೇ ಅವಳನ್ನು ಎಲ್ಲಿಗೂ ಕಳಿಸುತ್ತಿರಲಿಲ್ಲ. ಯಶವಂತಪುರದ ಟೆಂಟಿನಲ್ಲಿ ಸಿನಿಮಾ ನೋಡುತ್ತ ಕೂತವಳನ್ನು ನಡುವೆ ಎಬ್ಬಿಸಿಕೊಂಡು ಬಂದದ್ದಿದೆ, ಯಾಕೆಂದರೆ ಮಾವನಿಗೆ ಮನೆಯೊಳಗಿನ ಎಲೆಯಡಿಕೆ ಚೀಲ ಬೇಕಾಗಿತ್ತು. ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋದವಳನ್ನು ಮಗಳಿಗೆ ಹೆಸರಿಟ್ಟ ಮಾರನೆಯ ದಿನವೇ ಗಾಡಿ ಕಟ್ಟಿ ಕರೆಸಿಕೊಂಡರು. ಮಾರಕ್ಕ ಗಾಡಿಯ ಹಿಂದೆ ಊರ ಕೆರೆ ಏರಿಯ ತನಕ ಬೈಯುತ್ತ ಬಂದಳು. ಯಾರನ್ನು ಬೈಯುತ್ತಿದ್ದಾಳೆಂದು ಯಾರೂ ಕೇಳಲಿಲ್ಲ.

"ಒಂದ್ ಅಲೀಘಡದ್ ಬೀಗ ತರ್ಬಾರ್ದೇನ್ರೀ?" ಎಂದು ಗಂಡನನ್ನು ಅವಳು ಎಷ್ಟು ಸಲ ಕೇಳಿದ್ದಳೋ.

"ಅಪ್ಪಂಗೆ ನೀನೇ ಹೇಳು" ಎನ್ನುತ್ತಿದ್ದ ಅಶ್ವತ್ಥಪ್ಪ.

ಒಂದು ದಿನ ಹೇಳಿಯೂ ಹೇಳಿದಳು. ಚಿಕ್ಕಮುನಿಯಪ್ಪ ಉಣ್ಣುತ್ತಿದ್ದ ಮುದ್ದೆಯನ್ನು ಹಾಗೇ ಬಿಟ್ಟು ತಲೆಯೆತ್ತಿದರು. "ಏನಮ್ಮ, ಅರಮನೆ ಬೀಗ ತೆಗ್ದು ಅಂಗಡಿ ಬೀಗ ಇಕ್ಲಾ? ಊರ್ನಾಗೆ ನನ್ ಮಕ ಏನಾಗ್ಬೇಕು?"

ರಿಪೇರಿಯವನಿಗೆ ತೋರಿಸೋಣ ಎಂದರೆ ಇನ್ನೂ ಕೆಟ್ಟಿತು. ಕಂಡಕಂಡವರ ಮುಂದೆ ಅರಮನೆ ಬೀಗದ ಹೊಟ್ಟೆ ಬಿಚ್ಚುವುದೇ? ಹಾಗಾದರೆ ಹದ ನೀವೂ ಕಲಿತುಕೊಳ್ಳಿ ಎಂದು ಗಂಡನಿಗೆ ವಾರಗಟ್ಟಲೆ ಕಲಿಸಿದಳು. ಮೂಟೆ ಹೊತ್ತ ಕೈ ಅದು, ಕೂದಲೆಳೆಯಷ್ಟು ಎಳೆ ಎಂದರೆ ಗೇಣುದ್ದ ಎಳೆಯುತ್ತಿತ್ತು. "ಮುರಿದ್ಗಿರಿದ್ ಓದ್ರೆ ಅಪ್ಪ ನನ್ ಚರ್ಮ ಸುಲೀತಾರೆ" ಎಂದು ಕೈಬಿಟ್ಟ. ಅವಳೂ ಕೈಬಿಟ್ಟಳು. ಹೀಗೆ ಒಂಬತ್ತು ವರ್ಷ.

೧೯೬೨ ಬಂತು. ಅಷ್ಟಗ್ರಹ ಕೂಟದಿಂದ ಲೋಕವೇ ಮುಳುಗಿಹೋಗುತ್ತದೆ ಎಂದು ಹೆದರಿ ಮಾಘದ ಮದುವೆಗಳನ್ನೆಲ್ಲ ಮುಂದೆ ಹಾಕಿದ ವರ್ಷ ಅದು. ಲೋಕ ಮುಳುಗಲಿಲ್ಲ. ಪಿಳ್ಳಪ್ಪನಿಗೆ ಅಮೃತಹಳ್ಳಿಯ ಗಂಗರತ್ನಮ್ಮ ಎಂಬ ಹುಡುಗಿ ಗೊತ್ತಾಯಿತು. ವೈಶಾಖದಲ್ಲಿ, ಮಾಕಳಿಯ ಗಂಡಿನ ಮನೆಯಲ್ಲೇ ಚಪ್ಪರ, ಬೆಳಿಗ್ಗೆ ಹತ್ತೂವರೆಗೆ ಮುಹೂರ್ತ. ಪಿಳ್ಳಪ್ಪ ತಾನೇ ಸೈಕಲ್ಲು ತುಳಿದುಕೊಂಡು ಅಕ್ಕನನ್ನು ಕರೆಯಲು ಬಂದ.

"ಅಕ್ಕ, ಚಪ್ಪರದ್ ದಿನಾನೇ ಬಂದ್ಬಿಡು. ನೀನಿಲ್ದೆ ಎಣ್ಣೆ ಶಾಸ್ತ್ರ ಮಾಡಿಸ್ಕೊಳಲ್ಲ ನಾನು."

ಸೊಣ್ಣಮ್ಮ ಮಾವನ ಮುಖ ನೋಡಿದಳು. ಮಾವ ಮೀಸೆ ತಿರುವಿದರು. "ಅವ್ಳು ಮುಂಚೆ ಬಂದ್ಬಿಟ್ರೆ ನಾವೆಂಗಪ್ಪ ಬರೋದು? ಬಾಗ್ಲಿಗೆ ಬೀಗ ಇಕ್ಕೋರ್ಯಾರು? ನಾವೂ ಮದ್ವೆಗೆ ಬರ್ಬೇಕೋ, ಬ್ಯಾಡ್ವೋ?"

ಹೆಣ್ಣು ಕೊಟ್ಟ ಕಡೆಯವನು ಏನೆಂದಾನು? "ಬರ್ಬೇಕು ಮಾವ, ನೀವೆಲ್ಲ ಬರ್ಲೇಬೇಕು" ಎಂದು ಹೊರಟ. ಹೊಸಲ ಹತ್ತಿರ ನಿಂತು, "ಕಳಸ ಮಾತ್ರ ನಿಂದೇ ಅಕ್ಕ" ಎಂದ.

"ಇನ್ಯಾರ್ದು ಮತ್ತೆ? ಓಗ್ಲಾ, ಬಿಸ್ಲೇರೋ ಮುಂಚೆ ಊರು ಸೇರ್ಕೊ" ಎಂದು ಗದರಿಸಿ ಕಳಿಸಿದಳು. ಚಪ್ಪರದ ಶಾಸ್ತ್ರ ಅವಳಿಲ್ಲದೆ ನಡೆಯಿತು. ಎಣ್ಣೆ ಶಾಸ್ತ್ರವೂ ಅವಳಿಲ್ಲದೆ ನಡೆಯಿತು. ಹೋಗಲಿ, ಕಳಸ ಒಂದು ಸಿಕ್ಕರೆ ಸಾಕು ಎಂದು ಅವಳು ಹಲ್ಲು ಕಚ್ಚಿಕೊಂಡು ಇದ್ದಳು.

ಮದುವೆಯ ದಿನ ಬೆಳಕು ಹರಿಯುವ ಮುಂಚೆ ಎದ್ದು ಎಲ್ಲರಿಗೂ ನೀರು ಕಾಯಿಸಿ ಎರೆದು, ಮಗಳಿಗೆ ಜಡೆ ಹಾಕಿ, ತಾನು ಧಾರೆ ಸೀರೆ ಉಟ್ಟುಕೊಂಡಳು. ಆರು ಗಂಟೆಗೆ ಮೊದಲ ಬಸ್ಸು. ಯಶವಂತಪುರದಲ್ಲಿ ಇಳಿದು ತುಮಕೂರು ರಸ್ತೆಯ ಬಸ್ಸು ಹಿಡಿದರೆ ಎಂಟೂವರೆಗೆಲ್ಲ ಮಾಕಳಿ. ಎಲ್ಲರೂ ಹೊರಗೆ ಬಂದ ಮೇಲೆ ಬೀಗ ಹಾಕಿದಳು. ಒಂದೇ ಸಲಕ್ಕೆ ಬಿತ್ತು. ಆಗಲೇ ಗೋಪಾಲಮ್ಮ ಸೆರಗಿನಿಂದ ಒಂದು ಪೊಟ್ಟಣ ಬಿಚ್ಚಿದರು.

"ತಡಿ, ಮನೆಮಂದಿಯೆಲ್ಲ ಊರು ಬಿಡ್ತಾ ಇದೀವಿ. ಬರೋಗಂಟ ಕಾಯೋನು ಇವ್ನೇ ಅಲ್ವಾ" ಎಂದು ತುಪ್ಪ ಬೆಲ್ಲವನ್ನು ಎಂದಿಗಿಂತ ಮೂರು ಪಾಲು ತೆಗೆದು ತೂತಿಗೆ ತುಂಬಿ, ಮೇಲೆ ಕುಂಕುಮ ಒತ್ತಿ ಕೈಮುಗಿದರು. ಸಾಯಂಕಾಲ ಬಂದಾಗಿನ ಮಾತು ಅದು, ಆಗ ನೋಡಿಕೊಂಡರಾಯಿತು ಎಂದು ಸೊಣ್ಣಮ್ಮ ಮಗಳ ಕೈ ಹಿಡಿದು ಹೊರಟಳು.

ಬಸ್ ಸ್ಟ್ಯಾಂಡಿಗೆ ಬಂದರು. ಬಸ್ಸು ನಿಂತಿತ್ತು. ಗೋಪಾಲಮ್ಮ, ಮೊಮ್ಮಗಳು ಹತ್ತಿ ಕೂತಿದ್ದರು. ಮೆಟ್ಟಿಲ ಮೇಲೆ ಕಾಲಿಟ್ಟ ಚಿಕ್ಕಮುನಿಯಪ್ಪ ತಲೆ ಮುಟ್ಟಿ ನೋಡಿಕೊಂಡು ಹಾಗೇ ನಿಂತುಬಿಟ್ಟರು.

"ಅಯ್ಯೋ ನನ್ ಪೇಟ!"

ಜರಿಯಂಚಿನ ಪೇಟ ಮನೆಯೊಳಗೆ ಗೂಟದಲ್ಲಿ ನೇತಾಡುತ್ತಿತ್ತು.

"ಇರ್ಲಿ ಬಿಡಪ್ಪ, ಟವಲ್ ಸುತ್ಕೊ" ಎಂದ ಅಶ್ವತ್ಥಪ್ಪ. ಅಪ್ಪನಿಗೆ ಎದುರಾಗಿ ಅವನು ಜನ್ಮದಲ್ಲಿ ಆಡಿದ ದೊಡ್ಡ ಮಾತು ಅದು.

"ಬೋಳ್ ತಲೇಲಿ ಬೀಗರ್ ಮುಂದೆ ಕೂರ್ಲೇನ್ಲಾ? ಪೇಟ ಇಲ್ದೆ ನಾನ್ ಬರಾಕಿಲ್ಲ. ನೀವಿಬ್ರೂ ಓಗಿ ತಕಂಡ್ ಮುಂದಿನ್ ಬಸ್ಸಿಗೆ ಬನ್ನಿ. ಅವ್ಳಿಲ್ದೆ ಬಾಗ್ಲು ತೆಗ್ಯಾಕ್ ಆಗಲ್ವಲ್ಲ."

"ಮಾವ, ನಾನು ಕಳಸ..." ಎಂದಳು ಸೊಣ್ಣಮ್ಮ.

"ಹತ್ತೂವರೆಗಲ್ವೇನಮ್ಮ ಮುಹೂರ್ತ? ಬೇಕಾದಷ್ಟ್ ಒತ್ತು ಅದೆ" ಎಂದು ಅವರು ಬಸ್ಸು ಹತ್ತಿದರು. ಇಡೀ ಬಸ್ಸಿನಲ್ಲಿ ಮದುವೆಗೆ ಬೇಕೇಬೇಕಾಗಿದ್ದವಳು ಒಬ್ಬಳೇ, ಅವಳೇ ಕೆಳಗೆ ಉಳಿದಳು. ಬಸ್ಸು ಹೋಯಿತು.

ಓಡಿ ಮನೆಗೆ ಬಂದು ಕಿರೀಟ ಸರಿಸಿದರೆ, ಬೆಲ್ಲ ಕುಂಕುಮ ಎರಡೂ ಕೂಡಿ ತೂತು ಬಿಗಿದುಹೋಗಿತ್ತು. ಕೀಲಿಕೈ ಒತ್ತಿ ಒಳಗೆ ಹಾಕಿದಳು. ಅದು ಬೆಲ್ಲವನ್ನು ಇನ್ನಷ್ಟು ಒಳಗೆ ತಳ್ಳಿತು. ಅರ್ಧ ಸುತ್ತು ಹೋಗಬೇಕಾದದ್ದು ಕಾಲು ಸುತ್ತಿಗೇ ನಿಂತಿತು. ತಾಕಬೇಕಾದದ್ದು ತಾಕಲಿಲ್ಲ. ಹೇರ್‌ಪಿನ್ನು ಕಿತ್ತು ಕೆದಕಿದಳು, ಜಡೆ ಬಿಚ್ಚಿಕೊಂಡಿತು. ಬೈರಣ್ಣನ ಮನೆಯಿಂದ ಸೀಮೆಎಣ್ಣೆ ತಂದು ಬಿಟ್ಟಳು, ಧಾರೆ ಸೀರೆಯ ಮಡಿಲಿಗೆ ಸೀಮೆಎಣ್ಣೆ ಸುರಿಯಿತು. ಗಂಡಭೇರುಂಡ ಎರಡು ತಲೆಯನ್ನೂ ಎತ್ತಿಕೊಂಡು ಬೆಳಗಿನ ಬಿಸಿಲಲ್ಲಿ ಥಳಥಳ ಹೊಳೆಯುತ್ತಿತ್ತು. ಅದನ್ನು ನೋಡಿ ಅವಳಿಗೆ ಮಚ್ಚು ತೆಗೆದುಕೊಂಡು ಎರಡನ್ನೂ ಕಡಿದು ಹಾಕುವಷ್ಟು ಸಿಟ್ಟು ಬಂತು.

ಏಳು ಗಂಟೆಯಾಯಿತು. ಏಳೂವರೆಯಾಯಿತು. ಬೈರಣ್ಣ ಹಲ್ಲುಕಡ್ಡಿ ಉಗಿದು ಹತ್ತಿರ ಬಂದ.

"ಒಂದ್ ಪೇಟಕ್ಕೆ ಇಷ್ಟೊಂದ್ ಒದ್ದಾಡ್ತಿದೀರಾ? ನನ್ನದ್ ಐತೆ, ಮೊನ್ನೆ ತಾನೆ ಒಗ್ಸಿದ್ದು. ತಕಂಡ್ ಓಗು ತಂಗಿ."

ಸೊಣ್ಣಮ್ಮ ಗಂಡನ ಕಡೆ ತಿರುಗಿದಳು. "ತಗೊಳ್ರೀ, ಹೊರಡೋಣ."

"ಬೇರೇರ್ ಪೇಟ ಅಪ್ಪ ಇಕ್ಕಲ್ಲ ಕಣೆ."

"ಹಂಗಾರೆ ನೀವ್ ತೆಗಿಸ್ಕೊಂಡ್ ಬನ್ನಿ, ನಾನೊಬ್ಳೇ ಓಗ್ತೀನಿ."

"ನೀನ್ ಓದ್ರೆ ತೆಗ್ಯೋರ್ಯಾರು?"

"ಹಾರೆ ಕೊಡ್ಲಾ?" ಎಂದ ಬೈರಣ್ಣ. "ಒಂದೇ ಮೀಟಿಗೆ ಬಂದ್ಬಿಡುತ್ತೆ."

ಅಶ್ವತ್ಥಪ್ಪ ಬಾಗಿಲಿಗೆ ಅಡ್ಡ ನಿಂತ. ಅರಮನೆ ಬೀಗ ಮುರಿದ ಮಗ ಅನ್ನಿಸಿಕೊಳ್ಳಲಾ? ಹೆಂಡತಿಯ ಕಣ್ಣಲ್ಲಿ ನೀರು ಬಂದದ್ದನ್ನು ಅವನು ನೋಡಿದ, ನೋಡಿ ಅತ್ತ ತಿರುಗಿಕೊಂಡ. ಅವನನ್ನು ಅಲ್ಲೇ ಬಿಟ್ಟು ಅವಳು ಹೊರಟುಬಿಡಬಹುದಿತ್ತು ತಾನೇ ಎಂದು ಈಗ ಯಾರು ಬೇಕಾದರೂ ಕೇಳಬಹುದು. ಕೇಳುವುದು ಸುಲಭ. ಒಂಬತ್ತು ವರ್ಷದಿಂದ ಆ ಬಾಗಿಲು ತೆರೆಯದೆ ಬಿಟ್ಟು ಹೋದ ಅಭ್ಯಾಸವೇ ಅವಳಿಗೆ ಇರಲಿಲ್ಲ. ಇನ್ನೇನು ಬಂತು, ಇನ್ನೊಂದೇ ಸಲ ಎಂದು ಅವಳ ಬೆರಳುಗಳು ಮತ್ತೆ ಮತ್ತೆ ಅದೇ ತೂತಿಗೆ ಹೋಗುತ್ತಿದ್ದವು.

ಬೀಗ ತೆಗೆದಾಗ ಒಂಬತ್ತು ಗಂಟೆ. ಪೇಟ ಎತ್ತಿಕೊಂಡು, ಮತ್ತೆ ಬೀಗ ಹಾಕಿ ಓಡಿದರು. ಬಸ್ಸು ಒಂಬತ್ತೂವರೆಗೆ ಬಂತು. ಹೆಬ್ಬಾಳದ ಹತ್ತಿರ ಯಾವುದೋ ಎಮ್ಮೆ ಹಿಂಡು ಅಡ್ಡ ಬಂದು ನಿಂತಿತು. ಡ್ರೈವರು ಇಳಿದು ಬೀಡಿ ಹಚ್ಚಿದ. ಸೊಣ್ಣಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ ಎಮ್ಮೆಯವನನ್ನು ಅವನ ಏಳು ತಲೆಮಾರು ಸಮೇತ ಬೈದಳು. ಬಸ್ಸಿನವರು ನಕ್ಕರು. ಯಶವಂತಪುರದಲ್ಲಿ ಇಳಿದಾಗ ಸ್ಟೇಷನ್ನಿನ ಗಡಿಯಾರ ಹತ್ತೂವರೆ ದಾಟಿತ್ತು. ಅವಳು ಆಮೇಲೆ ಯಾರನ್ನೂ ಬೈಯಲಿಲ್ಲ.

ಮಾಕಳಿ ಸೇರಿದಾಗ ಚಪ್ಪರದಲ್ಲಿ ಎರಡನೆಯ ಪಂಕ್ತಿ ಊಟಕ್ಕೆ ಎಲೆ ಹಾಕುತ್ತಿದ್ದರು. ಹಂದರದ ಕಂಬದ ಹತ್ತಿರ ಬೀಗರ ನಡುವೆ ಚಿಕ್ಕಮುನಿಯಪ್ಪ ಕೂತು, ಆನೆಗೆ ನೀರು ಕುಡಿಸಿದ ಕಥೆ ಹೇಳುತ್ತಿದ್ದರು. ತಲೆಯ ಮೇಲೆ ಅಚ್ಚುಕಟ್ಟಾದ ಬಿಳಿ ಪೇಟ. ಬಾಯಲ್ಲಿ ಎಲೆಯಡಿಕೆ.

"ಬಂದ್ರಾ? ಅದ್ನ ಅಲ್ಲೇ ಇಡ್ರಪ್ಪ. ಇಲ್ಲೇ ಯಾರ್ದೋ ಸಿಕ್ತು, ಇಕ್ಕಂಡೆ" ಎಂದರು.

ಸೊಣ್ಣಮ್ಮ ಕೈಯಲ್ಲಿದ್ದ ಪೇಟವನ್ನು ಅಲ್ಲೇ ಇಡಲಿಲ್ಲ, ಎಲ್ಲಿಟ್ಟಳೆಂದು ಅವಳಿಗೇ ನೆನಪಿಲ್ಲ. ಜನರನ್ನು ಸರಿಸಿಕೊಂಡು ಹಸೆಮಣೆಯ ಹತ್ತಿರ ಹೋದಳು. ಪಿಳ್ಳಪ್ಪ ಬಾಸಿಂಗ ಕಟ್ಟಿಕೊಂಡು ಕೂತಿದ್ದ. ಅವನ ಪಕ್ಕದಲ್ಲಿ, ಮಡಿಲಲ್ಲಿ ಕಳಸ ಇಟ್ಟುಕೊಂಡು, ಹೊಸ ಹಸಿರು ಸೀರೆಯಲ್ಲಿ ಚಿಕ್ಕಪ್ಪನ ಮಗಳು ವರಲಕ್ಷ್ಮಮ್ಮ. ಹದಿನಾರರ ಹುಡುಗಿ, ಮುಖವೆಲ್ಲ ಅರಳಿಕೊಂಡಿತ್ತು. ಸೊಣ್ಣಮ್ಮನನ್ನು ಕಂಡ ಕೂಡಲೇ ಆ ಮುಖ ಸಪ್ಪಗಾಯಿತು.

"ಅಕ್ಕ, ಕಾದ್ವಿ ಅಕ್ಕ" ಎಂದ ಪಿಳ್ಳಪ್ಪ. "ಗಳಿಗೆ ಮೀರುತ್ತೆ ಅಂತ ಪುರೋಹಿತ್ರು ಬಿಡ್ಲಿಲ್ಲ. ಎರಡ್ ಸಲ ರಸ್ತೆಗಂಟ ಆಳು ಕಳ್ಸಿದ್ದೆ."

ಮದುಮಗಳು ತಲೆ ಬಗ್ಗಿಸಿಕೊಂಡೇ ಕಣ್ಣಂಚಿನಲ್ಲಿ ನೋಡಿದಳು. ಸೀಮೆಎಣ್ಣೆ ವಾಸನೆಯ ಸೀರೆ, ಬಿಚ್ಚಿದ ಜಡೆ, ಕುಂಕುಮ ಹತ್ತಿ ಕೆಂಪಾದ ಕೈಬೆರಳುಗಳು. ವರಲಕ್ಷ್ಮಮ್ಮನ ಕಡೆ ಬಾಗಿ ಮೆಲ್ಲಗೆ ಕೇಳಿದಳು. "ಇವ್ರು ಯಾರು ಅತ್ಗೆ?"

ಸೊಣ್ಣಮ್ಮನಿಗೆ ಅದು ಕೇಳಿಸಿತು. ಆ ಹುಡುಗಿಯದೇನು ತಪ್ಪು? ಕಳಸ ಹಿಡಿದವಳೇ ಗಂಡನ ಅಕ್ಕನೋ ತಂಗಿಯೋ ಎಂದು ಯಾರಾದರೂ ತಿಳಿಯುತ್ತಾರೆ. ವರಲಕ್ಷ್ಮಮ್ಮ ಎದ್ದು ಕಳಸವನ್ನು ಮುಂದೆ ಚಾಚಿದಳು. "ತಗೊ ಅಕ್ಕ, ನಿಂದೇ ಇದು. ಸೀರೇನೂ ಬಿಚ್ಚಿಕೊಡ್ತೀನಿ."

"ಧಾರೆ ಆದ್ಮೇಲೆ ಕಳಸ ಯಾತಕ್ಕೆ ತಾಯಿ" ಎಂದಳು ಸೊಣ್ಣಮ್ಮ. "ನೀನ್ ಇಡಿದೆ, ನಿಂದೇ ಸೀರೆ." ಅವಳು ಹುಡುಗಿಯ ಕೆನ್ನೆ ಸವರಿ, ಹಿತ್ತಿಲಿಗೆ ಹೋಗಿ, ಒಲೆಗಳ ಹಿಂದೆ ಸೌದೆ ರಾಶಿಯ ಮೇಲೆ ಕೂತು ಗಟ್ಟಿಯಾಗಿ ಅತ್ತಳು. ಅಡಿಗೆಯವರು ಹೊಗೆಗೆ ಕಣ್ಣು ಉರಿಯುತ್ತಿರಬೇಕು ಎಂದುಕೊಳ್ಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಮಾರಕ್ಕ ಬಂದು ಪಕ್ಕದಲ್ಲಿ ಕೂತಳು. ಬೈಯಲಿಲ್ಲ. ಎಣ್ಣೆ ತಂದು ಮಗಳ ಜಡೆ ಬಿಡಿಸಿ ಮತ್ತೆ ಹಾಕತೊಡಗಿದಳು.

ಸಾಯಂಕಾಲ ನಾಲ್ಕು ಗಂಟೆಗೆ ಯಲಹಂಕದವರು ಹೊರಟು ನಿಂತರು. ಬೀಗರೆಲ್ಲ ಕಳಿಸಿಕೊಡಲು ಚಪ್ಪರದ ಬಾಗಿಲಿಗೆ ಬಂದಿದ್ದರು. ಎಲ್ಲರ ಕೈಯಲ್ಲೂ ತಾಂಬೂಲ. ಚಿಕ್ಕಮುನಿಯಪ್ಪ ಸುತ್ತ ನೋಡಿ, "ಎಲ್ಲಮ್ಮ ಸೊಣ್ಣಮ್ಮ, ಒತ್ತಾಯ್ತು" ಎಂದರು.

ಸೊಣ್ಣಮ್ಮ ಬಂದಳು. ಮುಖ ತೊಳೆದುಕೊಂಡಿದ್ದಳು. ತಾಯಿಯ ಹಳೇ ಸೀರೆ ಉಟ್ಟಿದ್ದಳು. ಸೊಂಟದಿಂದ ಬೆಳ್ಳಿ ಸರ ಬಿಚ್ಚಿ, ಕೀಲಿಕೈ ಸಮೇತ ಮಾವನ ತಾಂಬೂಲದ ಮೇಲೆ ಇಟ್ಟಳು.

"ನಾನು ಇಲ್ಲೇ ಇರ್ತೀನಿ ಮಾವ. ಮಗೂನೂ ನನ್ ಜೊತೇಲೇ ಇರ್ತಾಳೆ."

"ಇರ್ತೀಯಾ? ಎಷ್ಟ್ ದಿನ?"

"ಗೊತ್ತಿಲ್ಲ."

"ಬಾಗ್ಲು ತೆಗ್ಯೋರ್ಯಾರಮ್ಮ?"

"ನಿಮ್ ಬೀಗ, ನಿಮ್ ಬಾಗ್ಲು. ನೀವೇ ತೆಗ್ದು ನೋಡಿ."

ದನಿಯನ್ನು ಅವಳು ಏರಿಸಲಿಲ್ಲ. ಚಿಕ್ಕಮುನಿಯಪ್ಪನ ಮೀಸೆ ಅದುರಿತು. ಹೊಸ ಬೀಗರು ನೋಡುತ್ತಿದ್ದಾರೆ, ತಲೆಯ ಮೇಲೆ ಇನ್ನೂ ಪರರ ಪೇಟ ಇದೆ. ಕೂಗಾಡುವ ಜಾಗ ಅದಲ್ಲ. ಬಸ್ಸಿಗೆ ಮೂವರೇ ಹತ್ತಿದರು.

ನಾಲ್ಕನೆಯ ದಿನ ಮಧ್ಯಾಹ್ನ ಅಶ್ವತ್ಥಪ್ಪ ಮಾಕಳಿಗೆ ಬಂದ. ಗಡ್ಡ ಬೆಳೆದಿತ್ತು. ಕೈಯಲ್ಲೊಂದು ಬಟ್ಟೆ ಚೀಲ ಜಗ್ಗುತ್ತಿತ್ತು. ಸೊಣ್ಣಮ್ಮ ಜಗಲಿಯ ಮೇಲೆ ಕೂತು ಗಂಗರತ್ನಮ್ಮನ ತಲೆ ಬಾಚುತ್ತಿದ್ದಳು. ಈಗ ಆ ಹುಡುಗಿಗೆ ಅತ್ತಿಗೆ ಯಾರೆಂದು ಚೆನ್ನಾಗಿ ಗೊತ್ತಾಗಿತ್ತು. ಆದರೂ ಕಳಸದ ಮಾತು ಬಂದಾಗ ಇಬ್ಬರೂ ಬೇರೆ ಮಾತೆತ್ತುತ್ತಿದ್ದರು.

ಅಶ್ವತ್ಥಪ್ಪ ನೀರು ಕುಡಿದು, ಚೀಲ ಬಿಚ್ಚಿ, ಒಳಗಿದ್ದುದನ್ನು ಹೆಂಡತಿಯ ಮುಂದೆ ಇಟ್ಟ. ಬೀಗ. ಹಾಕಿದ ಬೀಗ ಹಾಕಿದ ಹಾಗೇ ಇತ್ತು. ಅದರ ಕೊಂಡಿಯಲ್ಲಿ, ಕತ್ತರಿಸಿದ ಒಂದು ಕಬ್ಬಿಣದ ಬಳೆ ಸಿಕ್ಕಿಕೊಂಡು ನೇತಾಡುತ್ತಿತ್ತು.

"ಅವತ್ತು ಕತ್ತಲಾಗೋಗಂಟ ನೋಡಿದ್ವಿ, ಬರ್ಲಿಲ್ಲ" ಎಂದ. "ಬೈರಣ್ಣನ್ ಮನೇಲೇ ಮಲಗಿದ್ವಿ. ಬೆಳಿಗ್ಗೆ ಅಪ್ಪ ಕಮ್ಮಾರನ್ನ ಕರ್ಸಿ ಬಾಗ್ಲು ಚಿಲಕ ಕುಯ್ಸಿದ್ರು. ಬೀಗಕ್ಕೆ ಒಂದ್ ಗೀರೂ ಬಿದ್ದಿಲ್ಲ, ನೋಡು."

ಸೊಣ್ಣಮ್ಮ ನೋಡಿದಳು. ಬಾಗಿಲಿನ ಚಿಲಕ ಹೋದರೂ ಸರಿ, ಅರಮನೆ ಬೀಗಕ್ಕೆ ಗೀರು ಬೀಳಬಾರದು! ಅವಳಿಗೆ ನಗು ಬಂತು, ಮುಗಿಯುವ ಮುಂಚೆಯೇ ಅದು ಸಿಟ್ಟಾಯಿತು.

"ಇಲ್ಲಿಗ್ಯಾಕ್ ತಂದ್ರಿ?"

"ನೀನು ಎಷ್ಟ್ ದಿನ ಬೇಕಾದ್ರೂ ಇರ್ಬೋದಂತೆ. ಬೀಗ ಒಂದ್ ತೆಗ್ದುಕೊಟ್ರೆ ಸಾಕಂತೆ." ಅವನು ಕೀಲಿಕೈಯನ್ನು ಬೀಗದ ಪಕ್ಕಕ್ಕೆ ಇಟ್ಟ.

ಸೊಣ್ಣಮ್ಮ ಬೀಗವನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಕಿರೀಟ ಸರಿಸಿದಳು. ಗಂಗರತ್ನಮ್ಮ ಬಗ್ಗಿ ನೋಡಿದಳು. ಸೊಣ್ಣಮ್ಮನ ಹೆಬ್ಬೆರಳಿಗೆ ಎಲ್ಲವೂ ಗೊತ್ತಿತ್ತು, ಎಷ್ಟು ಎಳೆಯಬೇಕು, ಎಲ್ಲಿ ಎತ್ತಬೇಕು, ಎಲ್ಲಿ ತಾಕುತ್ತದೆ. ಅವಳು ಕಿರೀಟವನ್ನು ಮತ್ತೆ ಮುಚ್ಚಿ, ಬೀಗ ಕೀಲಿಕೈ ಎರಡನ್ನೂ ಚೀಲದೊಳಗೆ ಇಟ್ಟು ಗಂಡನ ಕಡೆಗೆ ತಳ್ಳಿದಳು.

"ನಂಗೂ ಬರ್ಲಿಲ್ಲ ಅಂತ ಹೇಳಿ."

ಸುಳ್ಳು ಎಂದು ಅವನಿಗೆ ಗೊತ್ತಾಯಿತು. ಚೀಲದ ಬಾಯಿ ಕಟ್ಟಿ ಪಕ್ಕಕ್ಕಿಟ್ಟುಕೊಂಡ. ಕಡೆಗೆ ಅಪ್ಪನ ಪರವಾಗಿ ಒಂದು ಮಾತು ಆಡಿದ.

"ಬಾಗ್ಲಿಗೆ ಚಿಲಕ ಇಲ್ಲ, ಬೀಗ ಇಲ್ಲ ಕಣೆ. ಅಂಗಡಿ ಬೀಗ ಒಲ್ಲೆ ಅಂತಾರೆ. ಮನೆ ಬಿಟ್ಟು ಯಾರೂ ಕದಲೋ ಹಂಗಿಲ್ಲ. ಮೂರ್ ದಿನದಿಂದ ಅಪ್ಪ ಬಾಗ್ಲಲ್ಲೇ ಕೂತವ್ರೆ."

ಸೊಣ್ಣಮ್ಮ ಬಾಚಣಿಗೆ ಕೈಗೆ ತೆಗೆದುಕೊಂಡು ಗಂಗರತ್ನಮ್ಮನ ತಲೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

"ಕೂತಿರ್ಲಿ" ಎಂದಳು. "ನಾನು ಒಂಬತ್ ವರ್ಷ ಕೂತಿದ್ದೆ."